ಕೊಸರು

ನೂರ ನಲವತ್ತು ಗ್ರಾಂ ಅನ್ನ, ಎಂಬತ್ತು ಕೋಳಿ,
ಮೂವತ್ತು ಬೀನ್ಸು, ಮುಚ್ಚಳ, ಮುಂದಿನ ತಟ್ಟೆ.
ಮಸ್ಕತ್ತಿನ ಈ ಅಡುಗೆ ಕಾರ್ಖಾನೆಯಲ್ಲಿ
ಆಕಾಶದಲ್ಲಿ ಕೂತು ಉಣ್ಣುವವರಿಗೆ
ರಾತ್ರಿಯಿಡೀ ತೂಗುತ್ತೇನೆ.
ಒಂದು ಚಮಚ ಹೆಚ್ಚಾದರೂ ತಕ್ಕಡಿ ಕೆಂಪಗೆ ಕಣ್ಣು ಬಿಡುತ್ತದೆ.
ಗಂಗೊಳ್ಳಿಯಲ್ಲಿ ಅಬ್ಬಿ ಬಂಗುಡೆ ಎಣಿಸುವಾಗ
ನೂರಾದ ಮೇಲೂ ಕೈ ನಿಲ್ಲುತ್ತಿರಲಿಲ್ಲ,
ಇನ್ನೆರಡು ಬುಟ್ಟಿಗೆ ಬೀಳುತ್ತಿದ್ದವು: ಕೊಸರು.

ಆ ಅಬ್ಬಿಯೇ ನನ್ನ ನೋಡಿ ಹೇಳಿದ್ದು,
"ಗಾಳಿ ಕುಡ್ದ್ರೂ ಮೈ ಬತ್ತ್ ಮಾರಾಯ್ತಿ ನಿಂಗೆ."
ನಗುತ್ತಲೇ ಹೇಳಿದ್ದು. ಹಾಗಾಗಿ ಮರೆಯಲಾಗಲಿಲ್ಲ.

ರೂಮಿನ ಬಿಮಲಾ ತಾಮಾಂಗ್
ಎರಡು ಕುಬ್ಬೂಸು, ಒಂದು ಬೋಗುಣಿ ದಾಲು,
ಮೇಲೆ ಗಟ್ಟಿ ಹಾಲಿನ ಕರಕ್ ಚಹಾ ಮುಗಿಸಿ
ನುಗ್ಗೆಕೋಡಿನ ಹಾಗೆ ಮಲಗುತ್ತಾಳೆ.
ನಾನು ಸೌತೆಕಾಯಿ ಹೆಚ್ಚಿಕೊಂಡು
ಫೋನಿನಲ್ಲಿ ಲೆಕ್ಕ ಬರೆದೆ:
ಸಾವಿರದ ಐನೂರು. ಇಳಿಯಲಿಲ್ಲ. ಸಾವಿರದ ಇನ್ನೂರು.
ಇಳಿಯಲಿಲ್ಲ. ಒಂಬೈನೂರು.
ಒಂದು ಖರ್ಜೂರಕ್ಕೂ ಖಾತೆ, ಅರ್ಧ ಖರ್ಜೂರಕ್ಕೂ.
ಹೊರಗೆ ನಲವತ್ತಾರು ಡಿಗ್ರಿ, ನನಗೆ ಸ್ವೆಟರು.
ಬಾಚಣಿಗೆ ತುಂಬ ಕೂದಲು. ಎಂಬತ್ತೊಂದು ಕಿಲೋ ಮಾತ್ರ
ಮತ್ರಾ ಬಂದರಿನಲ್ಲಿ ಲಂಗರು ಬಿಟ್ಟ ಹಡಗು.

ಒಪ್ಪೊತ್ತು ಉಂಡವ ಯೋಗಿ ಎನ್ನುತ್ತಾರೆ.
ಅರೆಹೊತ್ತು ಉಂಡವಳಿಗೆ ಹೆಸರೇ ಇಟ್ಟಿಲ್ಲ.

ರೂವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಹನಾನ್
ಥೈರಾಯ್ಡಿನ ಚೀಟಿ ನೋಡಿ ಪಕ್ಕಕ್ಕಿಟ್ಟರು, ಅದು ಸರಿಯಿತ್ತು.
ಮುಖಕ್ಕೆ ಗವಸು ಕಟ್ಟಿ ಇಪ್ಪತ್ತು ನಿಮಿಷ ಮಲಗಿಸಿದರು.
ಬಿಟ್ಟ ಉಸಿರನ್ನೆಲ್ಲ ಯಂತ್ರ ತೂಗಿತು, ನನ್ನದೇ ಕಸುಬು.
ಸುಮ್ಮನೆ ಮಲಗಿದರೆ ನಾನು ಉರಿಸುವುದು
ದಿನಕ್ಕೆ ಸಾವಿರದ ನೂರ ಹತ್ತು, ಎಂದಿತು.
ನನ್ನ ವಯಸ್ಸು, ಎತ್ತರ, ತೂಕದವರಿಗೆ
ಸುಮಾರು ಸಾವಿರದ ನಾನೂರು ಇರಬೇಕಿತ್ತಂತೆ.
ಕಾಗದ ಹಿಡಿದುಕೊಂಡು ಅತ್ತೆ,
ದುಃಖಕ್ಕಲ್ಲ.
ಇವಳು ಕದ್ದು ತಿನ್ನುವವಳಲ್ಲ ಎಂದು
ಮೊದಲ ಬಾರಿ ಯಾರೋ ಸಾಕ್ಷಿ ನುಡಿದಿದ್ದರು.

"ಮೂರು ತಿಂಗಳು ಸಂಬಳ ಬಾರದಿದ್ದರೆ ಏನು ಮಾಡುತ್ತೀರಿ?"
ಡಾಕ್ಟರು ಕೇಳಿದರು.
ಮಾಡಿದ್ದೇನೆ, ಎಂದೆ, ಹಳೆಯ ಕಂಪನಿಯಲ್ಲಿ.
ಎಸಿ ಆರಿಸಿದೆವು. ಬಸ್ಸು ಬಿಟ್ಟು ನಡೆದೆವು.
ಕೈಗೆ ಬಂದ ರಿಯಾಲನ್ನು ದಿಂಬಿನೊಳಗಿಟ್ಟು ಹೊಲಿದೆವು.
"ನಿಮ್ಮ ಮೈಯೂ ಅದನ್ನೇ ಮಾಡಿದೆ.
ಸಂಬಳ ನಿಲ್ಲಿಸಿದವರು ನೀವು."

ಪೆನ್ನು ತೆಗೆದು ಒಂಬೈನೂರಕ್ಕೆ ಅಡ್ಡ ಗೀಟು.
ಸಾವಿರದ ನೂರರಿಂದ ಶುರು;
ಎರಡು ವಾರಕ್ಕೊಮ್ಮೆ ಐವತ್ತು ಸೇರಿಸಿ,
ಸಾವಿರದ ನಾನೂರರಲ್ಲಿ ನಿಂತು ನೋಡೋಣ.
ಮೊಟ್ಟೆ, ಮೀನು, ಕಡಲೆ. ಏನಾದರೂ ಭಾರ ಎತ್ತಿ.
ನನಗೋ ಭಾರ ಎತ್ತುವ ಪಾಠ!
ಲಿಫ್ಟು ಕೆಟ್ಟ ಕಟ್ಟಡ, ಮೂರನೇ ಮಹಡಿ,
ಇಡೀ ರೂಮಿನ ನೀರಿನ ಕ್ಯಾನು ಈಗ ನನ್ನ ಹೆಗಲಿಗೆ.
ಬಿಮಲಾಗೆ ಖುಷಿಯೋ ಖುಷಿ.

ಮೊದಲು ಏರಿತು, ಆರುನೂರು ಗ್ರಾಂ.
ಎರಡು ಹಗಲು ನಿದ್ದೆ ಬರಲಿಲ್ಲ.
ಆಮೇಲೆ ಒಂದು ದಿನ ಸ್ವೆಟರು ಮರೆತು ಕೆಲಸಕ್ಕೆ ಹೋದೆ.
ಆಮೇಲೆ, ಬಹಳ ಆಮೇಲೆ, ಇನ್ನೂರು ಗ್ರಾಂ ಇಳಿಯಿತು,
ಹದಿನೈದು ದಿನಕ್ಕೆ.
ಯಾರಿಗೂ ಹೇಳಲಿಲ್ಲ, ನಗುತ್ತಾರೆ.
ಇನ್ನೂರು ಗ್ರಾಂ ಎಷ್ಟೆಂದು
ನನ್ನ ಕೈಗೆ ಗೊತ್ತು.

ಇವತ್ತು ಶುಕ್ರವಾರ. ಕುಚ್ಚಲಕ್ಕಿ ಅನ್ನ ತಕ್ಕಡಿಯ ಮೇಲೆ,
ಪಕ್ಕದಲ್ಲಿ ಬಂಗುಡೆ ಸಾರು.
ಗೋಡೆಗೆ ಒರಗಿಸಿದ ಫೋನಿನೊಳಗಿಂದ ಅಬ್ಬಿ,
"ಎಂತಾ ಅದ್, ಉಂಬು ಅನ್ನ ತೂಗುದಾ?"
ನೂರ ಇಪ್ಪತ್ತಕ್ಕೆ ಅಂಕಿ ನಿಂತಿತು.
ಈ ವಾರದ ಐವತ್ತು ಇನ್ನೂ ಬಾಕಿ.
ಅರ್ಧ ಸೌಟು ಹಾಕಿಕೊಂಡೆ.
ಅವಳೂ ನೋಡುತ್ತಿದ್ದಳು, ಏನೂ ಅನ್ನಲಿಲ್ಲ;
ಈ ತಕ್ಕಡಿಗೆ ಕೆಂಪು ದೀಪವಿಲ್ಲ.